ಹಿಸ್ಟ್ರಿಯಾನಿಕ್ ಎಂಬ ಪದಕ್ಕೆ, ಕುಂಬಳೆ ಸೀಮೆಯಿಂದ

ಹಿಸ್ಟ್ರಿಯಾನಿಕ್ ಎಂಬ ಪದಕ್ಕೆ,

ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಕುಂಬಳೆ ಸೀಮೆಯ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರ ನಾನು.

ಪತ್ರ ನಿನ್ನ ಹೆಸರಿಗಿದ್ದರೂ ಬಹಿರಂಗವಾಗಿ ಬರೆಯುತ್ತಿದ್ದೇನೆ. ನಿನ್ನನ್ನು ಬಳಸುವವರೂ ಇದನ್ನು ಓದಬೇಕು ಎಂಬ ಆಸೆ ನನಗಿದೆ. ಅವರಲ್ಲಿ ವೈದ್ಯರಿದ್ದಾರೆ, ಪತ್ರಿಕೆಯವರಿದ್ದಾರೆ, ಕಚೇರಿಯ ಮೇಜಿನಾಚೆ ಕುಳಿತು ಅರ್ಜಿ ಪಡೆಯುವವರಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರಿಗೆ ನಿನ್ನ ಅರ್ಥವನ್ನು ಅರ್ಧ ಮಾತ್ರ ಹೇಳಿಕೊಟ್ಟವನು ನಾನೇ.

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಅಷ್ಟು ವರ್ಷಗಳಲ್ಲಿ ನೀನು ತರಗತಿಯೊಳಗೆ ಬಂದದ್ದು ಒಂದೆರಡು ಸಲ ಇರಬಹುದು. ಬಂದಾಗ ಕರಿಹಲಗೆಯಲ್ಲಿ ನಿನ್ನ ಸ್ಪೆಲ್ಲಿಂಗು ಬರೆದು, ಎದುರಿಗೆ ‘ನಾಟಕೀಯ, ತೋರಿಕೆಯ’ ಎಂದು ಬರೆದು, ಮಕ್ಕಳು ನೋಟುಪುಸ್ತಕಕ್ಕೆ ಇಳಿಸಿಕೊಂಡ ಮೇಲೆ ಒರೆಸಿದ್ದೆ. ಆಮೇಲೆ ನೀನು ನನಗೆ ಸಿಕ್ಕಿದ್ದು ನನ್ನ ಅತ್ತೆಯ ಆಸ್ಪತ್ರೆ ಚೀಟಿಯಲ್ಲಿ.

ಅತ್ತೆ ಎಂದರೆ ಅಪ್ಪನ ತಂಗಿ. ವಯಸ್ಸು ಎಪ್ಪತ್ತರ ಹತ್ತಿರ. ಅಡಿಕೆ ತೋಟದ ಮನೆಯಲ್ಲಿ ಬದುಕು ಸವೆಸಿದವರು. ಒಂದು ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಬಲಗಡೆ ಹಿಡಿದುಕೊಂಡು ಕುಸಿದರು. ಜೀಪಿನಲ್ಲಿ ಕರೆದುಕೊಂಡು ಹೋದೆವು. ಕ್ಯಾಶುವಾಲ್ಟಿಯ ನೆಲದ ಮೇಲೆ ಕುಳಿತು ಅವರು ಕಣಿಪುರದ ಗೋಪಾಲಕೃಷ್ಣನನ್ನು ಕರೆದರು, ಮಧೂರಿನ ಗಣಪತಿಯನ್ನು ಕರೆದರು, ತೀರಿಕೊಂಡ ನಮ್ಮ ಅಜ್ಜಿಯನ್ನು ಕರೆದರು. “ಎನಗೆ ಎಡಿತ್ತಿಲ್ಲೆ ಮಗಾ”, ನನ್ನಿಂದಾಗುತ್ತಿಲ್ಲ, ಎಂದು ನನ್ನ ಕೈ ಹಿಡಿದು ಎಳೆದರು. ಚಿಕ್ಕಂದಿನಿಂದ ಗದ್ದೆಗಳಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದ ಹೆಂಗಸು. ಅವರ ಗೋಳಿಗೂ ಒಂದು ಏರಿಳಿತ ಇತ್ತು, ಒಂದು ರಾಗದ ಗುರುತು ಇತ್ತು. ನೋವನ್ನು ಹೇಳುವ ರೀತಿ ಅವರು ಕಲಿತದ್ದು ಅಲ್ಲಿಂದಲೇ.

ಕರ್ತವ್ಯದಲ್ಲಿದ್ದ ಯುವ ವೈದ್ಯರು ಒಂದು ನಿಮಿಷ ನೋಡಿದರು. ಹೊಟ್ಟೆ ಮುಟ್ಟಿದ್ದು ಅರೆಮನಸ್ಸಿನಿಂದ. ಗ್ಯಾಸಿನ ಇಂಜೆಕ್ಷನ್, ನಿದ್ರೆಗೆ ಒಂದು ಮಾತ್ರೆ. “ಬೈಸ್ಟಾಂಡರ್ ಯಾರು? ಮನೆಗೆ ಕರೆದುಕೊಂಡು ಹೋಗಬಹುದು” ಎಂದರು. ಚೀಟಿಯಲ್ಲಿ ಮೂರು ಸಾಲು. ಮೂರನೆಯ ಸಾಲಿನಲ್ಲಿ ನೀನಿದ್ದೆ.

ಎರಡು ದಿನ ಬಿಟ್ಟು ಇನ್ನೊಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದ ತುಂಬ ಕಲ್ಲುಗಳಿದ್ದವು, ಸೋಂಕು ಹಬ್ಬಿತ್ತು. ಅದೇ ಸಂಜೆ ಆಪರೇಷನ್. ಬದುಕಿದರು. ಮೊದಲಿನ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರಿಗೆ ಆ ಒಂದು ನಿಮಿಷದಲ್ಲಿ ಕೈಗೆ ಸಿಕ್ಕಿದ್ದು ನೀನು. ನೀನು ಸಿಗದೇ ಇದ್ದಿದ್ದರೆ ಅವರು ಇನ್ನೊಂದು ಸಲ ಹೊಟ್ಟೆ ಮುಟ್ಟಿ ನೋಡುತ್ತಿದ್ದರೇನೋ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಹಾಗಾಗಿ ನೀನು ಯಾರು, ಎಲ್ಲಿಂದ ಬಂದೆ ಎಂದು ಹುಡುಕಲು ಕುಳಿತೆ.

ಹುಡುಕಿದಾಗ ಸಿಕ್ಕಿದ್ದನ್ನು ನಿನಗೇ ಹೇಳಬೇಕು. ನಿನ್ನ ತವರಿನ ಸುದ್ದಿ ನಿನಗೆ ಮರೆತಿರಬಹುದು.

ಕ್ರಿಸ್ತಪೂರ್ವ 364ರ ಆಸುಪಾಸಿನಲ್ಲಿ ರೋಮ್ ನಗರಕ್ಕೆ ಪಿಡುಗು ಬಡಿದಿತ್ತು. ಜನ ಸಾಯುತ್ತಿದ್ದರು, ಪೂಜೆ ಬಲಿಗಳಿಂದ ಏನೂ ಆಗಲಿಲ್ಲ. ಆಗ ದೇವತೆಗಳ ಕೋಪ ತಣಿಸಲು ನೆರೆಯ ಎಟ್ರುಸ್ಕನ್ನರ ನಾಡಿನಿಂದ ಕುಣಿಯುವವರನ್ನು ಕರೆಸಿದರು ಎಂದು ರೋಮಿನ ಇತಿಹಾಸಕಾರ ಲಿವಿ ಬರೆದಿದ್ದಾನೆ. ಅವರು ಹಾಡಲಿಲ್ಲ, ಮಾತಾಡಲಿಲ್ಲ. ಕೊಳಲಿನ ನಾದಕ್ಕೆ ತಮ್ಮ ಊರಿನ ಕ್ರಮದಲ್ಲಿ ಕುಣಿದರು. ಕುಣಿಯುವವನಿಗೆ ಅವರ ಭಾಷೆಯಲ್ಲಿ ‘ಇಸ್ತರ್’ ಎನ್ನುತ್ತಿದ್ದರಂತೆ. ಅದೇ ಲ್ಯಾಟಿನ್ನಿನಲ್ಲಿ ‘ಹಿಸ್ಟ್ರಿಯೊ’ ಆಯಿತು, ನಟ ಎಂಬ ಅರ್ಥದಲ್ಲಿ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದು ನೀನಾದೆ.

ಇದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಜಗಲಿಯಲ್ಲಿ ಕುಳಿತೆ. ಊರಿಗೆ ಕಾಯಿಲೆ ಬಂದಾಗ ದೇವರಿಗೆ ಹೇಳಿಕೊಂಡು ಆಡಿಸುವ ಆಟ ಯಾವುದು? ಹರಕೆಯಾಟ. ನಮ್ಮಲ್ಲಿ ಇಂದಿಗೂ ನಡೆಯುವಂಥದ್ದು. ಕಾಯಿಲೆ ಗುಣವಾದರೆ, ಮಗು ಹುಟ್ಟಿದರೆ, ಕಳೆದುಹೋದವನು ಮರಳಿದರೆ ಸೇವೆಯಾಟ ಆಡಿಸುತ್ತೇನೆಂದು ಹೇಳಿಕೊಳ್ಳುತ್ತಾರೆ. ಕಟೀಲು ಮೇಳದ ಒಂದು ಆಟಕ್ಕಾಗಿ ವರ್ಷಗಟ್ಟಲೆ ಸರದಿ ಕಾಯುವ ಮನೆಗಳು ಗಡಿಯ ಈಚೆಗೂ ಇವೆ. ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಒಂದು ವೇಷವೂ ಹೊರಡುವುದಿಲ್ಲ. ಹಾಗಾದರೆ ನೀನು ಹುಟ್ಟಿದ್ದು ಒಂದು ಹರಕೆಯಾಟದಲ್ಲಿ. ಕಾಯಿಲೆಯವರಿಗಾಗಿ ಕುಣಿದವರ ಹೆಸರು ನೀನು. ಇಪ್ಪತ್ತಮೂರು ಶತಮಾನ ದಾಟಿ ಬಂದು ಕಾಯಿಲೆಯವಳ ಮೇಲೆಯೇ ಕುಳಿತೆಯಲ್ಲ!

ಇನ್ನೊಂದು ವಿಷಯವೂ ನನ್ನನ್ನು ತಟ್ಟಿತು. ನಿನ್ನನ್ನು ಹೆತ್ತ ಎಟ್ರುಸ್ಕನ್ ಭಾಷೆ ಈಗ ಇಲ್ಲ. ಪಕ್ಕದ ದೊಡ್ಡ ಭಾಷೆ ಅದನ್ನು ನುಂಗಿತು. ಅದು ಉಳಿದದ್ದು ಹೆಚ್ಚಾಗಿ ಗೋರಿಗಳ ಮೇಲಿನ ಬರಹಗಳಲ್ಲಿ, ಲ್ಯಾಟಿನ್ ಎರವಲು ಪಡೆದ ಕೆಲವು ಪದಗಳಲ್ಲಿ. 1956ರ ನವೆಂಬರ್ 1ರಂದು ಮಲಗಿದ್ದಲ್ಲೇ ರಾಜ್ಯ ಬದಲಾದ ಸೀಮೆಯವನು ನಾನು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳಿಸಬೇಡಿ ಎಂದು ಮಕ್ಕಳು ಶಾಲೆಯ ಅಂಗಳದಲ್ಲಿ ಕುಳಿತದ್ದನ್ನು ಕಂಡವನು. ಸತ್ತ ಭಾಷೆಯೊಂದರ ಉಳಿದ ಕೂಸು ನೀನು ಎಂದು ತಿಳಿದಾಗ ನಿನ್ನ ಮೇಲಿನ ನನ್ನ ಕೋಪ ಅರ್ಧ ಇಳಿಯಿತು.

ಉಳಿದರ್ಧ ಇಳಿಯದಿರುವುದಕ್ಕೆ ಕಾರಣ ನಿನ್ನ ಇತ್ತೀಚಿನ ಉದ್ಯೋಗ. ಇಂಗ್ಲಿಷಿನಲ್ಲಿ ಬಹುಕಾಲ ನಿನಗೆ ಎರಡು ಮುಖ ಇತ್ತು. ಒಂದು, ನಟನ ಕಲೆಗೆ ಸಂಬಂಧಿಸಿದ್ದು. ಒಬ್ಬ ನಟನ ಹಿಸ್ಟ್ರಿಯಾನಿಕ್ ಪ್ರತಿಭೆ ಎಂದು ಗೌರವದಿಂದಲೇ ಬರೆಯುತ್ತಿದ್ದರು. ಇನ್ನೊಂದು, ಅತಿಯಾದ, ಮೇಲುಮೇಲಿನ ಭಾವಪ್ರದರ್ಶನ. ಬರಬರುತ್ತ ಎರಡನೆಯದು ಮೊದಲನೆಯದನ್ನು ತಿಂದುಹಾಕಿತು. ಅಮೆರಿಕದ ಮನೋವೈದ್ಯರ ಕೈಪಿಡಿಯ 1968ರ ಆವೃತ್ತಿಯಲ್ಲಿ ‘ಹಿಸ್ಟೀರಿಕಲ್’ ವ್ಯಕ್ತಿತ್ವ ಎಂಬ ಹೆಸರಿನ ಪಕ್ಕ ಆವರಣದೊಳಗೆ ನೀನಿದ್ದೆ. 1980ರ ಆವೃತ್ತಿಯಲ್ಲಿ ಅದನ್ನು ಎಬ್ಬಿಸಿ ಅದೇ ಪೀಠದಲ್ಲಿ ನಿನ್ನನ್ನು ಕೂರಿಸಿದರು. ಆ ಹಳೆಯ ಪದ ಹುಟ್ಟಿದ್ದು ಗರ್ಭಕೋಶ ಎಂಬ ಅರ್ಥದ ಗ್ರೀಕ್ ಮಾತಿನಿಂದ. ಹೆಂಗಸಿನ ನೋವಿಗೆಲ್ಲ ಅವಳ ಗರ್ಭವೇ ಕಾರಣ ಎಂದು ನಂಬಿದ್ದ ಕಾಲದ್ದು. ನಿನಗೂ ಅದಕ್ಕೂ ರಕ್ತಸಂಬಂಧ ಇಲ್ಲ, ಕಿವಿಗೆ ಮಾತ್ರ ಒಂದೇ ತರ ಕೇಳಿಸುತ್ತೀರಿ. ಆದರೂ ಅದರ ಆಸ್ತಿಯೆಲ್ಲ ನಿನ್ನ ಪಾಲಿಗೆ ಬಂತು.

ಆ ಕೈಪಿಡಿಯ ಕಾಯಿಲೆಯ ಪೂರ್ಣ ಹೆಸರು ‘ಹಿಸ್ಟ್ರಿಯಾನಿಕ್ ಪರ್ಸನಾಲಿಟಿ ಡಿಸಾರ್ಡರ್’, ಅದನ್ನು ಬಿಡಿಸಿ ನೋಡು. ಹಿಸ್ಟ್ರಿಯಾನಿಕ್ ಎಂದರೆ ನಟನದು. ಪರ್ಸನಾಲಿಟಿ ಎಂಬ ಮಾತಿನೊಳಗೆ ಇರುವುದು ಪರ್ಸೋನಾ, ಎಂದರೆ ಲ್ಯಾಟಿನ್ನಿನಲ್ಲಿ ಮುಖವಾಡ. ನಟ, ಮುಖವಾಡ, ಎರಡೂ ರಂಗಸ್ಥಳದಿಂದ ಎತ್ತಿದ ಮಾತುಗಳು. ಅವುಗಳ ಕೊನೆಗೆ ‘ಅವ್ಯವಸ್ಥೆ’ ಎಂದು ಸೇರಿಸಿದರೆ ರೋಗ!

ಅಂಥ ತೊಂದರೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಲ್ಲರ ಗಮನ ತನ್ನ ಮೇಲಿರದಿದ್ದರೆ ಉಸಿರು ಕಟ್ಟಿದಂತಾಗಿ, ಅದರಿಂದಲೇ ಸಂಸಾರ, ಸ್ನೇಹ, ಕೆಲಸ ಎಲ್ಲ ಹಾಳಾಗಿ ಒದ್ದಾಡುವವರು ಇದ್ದಾರೆ. ಅವರಿಗೆ ನೆರವು ಬೇಕು. ಅದಕ್ಕಾಗಿ ಕೈಪಿಡಿಯಲ್ಲಿ ಎಂಟು ಲಕ್ಷಣಗಳಿವೆ, ಐದಾದರೂ ಇರಬೇಕು, ತಾರುಣ್ಯದಿಂದಲೇ ಬದುಕಿನ ಎಲ್ಲ ಕಡೆ ಕಾಣುತ್ತಿರಬೇಕು. ಅಷ್ಟೇ ಅಲ್ಲ, ಒಬ್ಬರ ನಡತೆ ಅವರ ಸಂಸ್ಕೃತಿಯ ರೂಢಿಯಿಂದ ಎದ್ದು ಕಾಣುವಷ್ಟು ಬೇರೆಯಾಗಿರಬೇಕು ಎಂದೂ ಆ ಪುಸ್ತಕವೇ ಹೇಳುತ್ತದೆ. ಕುಂಬಳೆ ಸೀಮೆಯ ಮುದುಕಿ ನೋವಿಗೆ ದೇವರನ್ನು ಕೂಗುವುದು ಯಾವ ರೂಢಿಯಿಂದ ಬೇರೆ? ಒಂದು ನಿಮಿಷದಲ್ಲಿ ಎಂಟರಲ್ಲಿ ಎಷ್ಟು ಲಕ್ಷಣ ಎಣಿಸಿಯಾಯಿತು? ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ತಂದ ತನ್ನ ರೋಗಪಟ್ಟಿಯಲ್ಲಿ ಈ ವಿಧವನ್ನು ಹೆಸರಿಟ್ಟು ಕರೆಯುವುದನ್ನೇ ಬಿಟ್ಟಿದೆ. ಚೀಟಿಗಳಲ್ಲಿ ಮಾತ್ರ ನೀನು ಇನ್ನೂ ಓಡಾಡುತ್ತಿದ್ದೀ.

ಎಂಟು ಎಂದಾಗ ನನಗೆ ಇನ್ನೊಂದು ಎಂಟರ ಪಟ್ಟಿ ನೆನಪಾಗುತ್ತದೆ. ಭರತನ ನಾಟ್ಯಶಾಸ್ತ್ರದ ಸಾತ್ತ್ವಿಕ ಭಾವಗಳು: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮರಗಟ್ಟುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಮುಖದ ಬಣ್ಣ ಮಾಸುವುದು, ಕಣ್ಣೀರು, ಎಚ್ಚರ ತಪ್ಪುವುದು. ಕೈಕಾಲು, ಮಾತು, ವೇಷಭೂಷಣ ಇವನ್ನು ಕಲಿತು ತೋರಿಸಬಹುದು. ಈ ಎಂಟು ಮಾತ್ರ ಮನಸ್ಸು ಅಲ್ಲೇ ನೆಟ್ಟಿದ್ದರೆ ಹುಟ್ಟುತ್ತವೆ ಎಂಬುದು ನಮ್ಮ ನಾಟ್ಯಪರಂಪರೆಯ ತಿಳಿವಳಿಕೆ. ಅತ್ತೆಯ ಹಣೆ ಆ ರಾತ್ರಿ ಬೆವರಿತ್ತು. ಕೈ ನಡುಗುತ್ತಿತ್ತು. ಮುಖ ಬಿಳಚಿತ್ತು. ದನಿ ಒಡೆದಿತ್ತು. ಕಣ್ಣೀರು ಇತ್ತು. ಎಂಟರಲ್ಲಿ ಐದು. ನಟನ ಪದವನ್ನು ಬಳಸಿದವರು ನಟನ ಶಾಸ್ತ್ರವನ್ನೂ ಬಲ್ಲವರಾಗಿದ್ದರೆ ಅಂದೇ ರಾತ್ರಿ ಸ್ಕ್ಯಾನಿಂಗ್ ಆಗುತ್ತಿತ್ತು.

‘ಅತಿ’ ಎಂದು ನಿನ್ನ ಹಣೆಗೆ ಅಂಟಿಸಿದ್ದಾರಲ್ಲ, ಆ ಅತಿಗೆ ಅಳತೆ ಯಾವುದು? ನಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವನ್ನು, ಎಂದರೆ ರಾಕ್ಷಸವೇಷವನ್ನು, ನೀನು ನೋಡಬೇಕು. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತ ಕಲಾವಿದ ಗಂಟೆಗಟ್ಟಲೆ ಕುಳಿತಿರುತ್ತಾನೆ. ತಲೆಯ ಮೇಲೆ ಕೇಸರಿತಟ್ಟಿ. ಚೆಂಡೆಯ ಅಬ್ಬರದಲ್ಲಿ, ದೊಂದಿಯ ಬೆಳಕಿನಲ್ಲಿ, ಕೆಲವೊಮ್ಮೆ ಪ್ರೇಕ್ಷಕರ ನಡುವಿನಿಂದಲೇ ಆರ್ಭಟಿಸುತ್ತ ಬರುತ್ತಾನೆ. ಮಕ್ಕಳು ಅಜ್ಜಿಯ ಸೆರಗಿನೊಳಗೆ ಹೊಕ್ಕುಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಪ್ರದರ್ಶನ ಇಲ್ಲ. ಆದರೆ ಆ ಆರ್ಭಟ ಎಲ್ಲಿ ಏಳಬೇಕು, ಎಷ್ಟು ಉಸಿರಿಗೆ ನಿಲ್ಲಬೇಕು, ಭಾಗವತರ ಜಾಗಟೆ ಬಿದ್ದ ಕೂಡಲೇ ಹೇಗೆ ಇಳಿಯಬೇಕು, ಎಲ್ಲದಕ್ಕೂ ಲೆಕ್ಕ ಇದೆ. ಲೆಕ್ಕ ತಪ್ಪಿದವನನ್ನು ಗದ್ದೆಯಲ್ಲಿ ಕುಳಿತ ಮುದುಕನೇ ಮರುದಿನ ಬೆಳಿಗ್ಗೆ ಚಾ ಅಂಗಡಿಯಲ್ಲಿ ಹಿಡಿದು ಹೇಳುತ್ತಾನೆ.

ಅಂಥ ರಾಕ್ಷಸ ರಾವಣನೇ ತಾಳಮದ್ದಳೆಗೆ ಬಂದಾಗ ಬಣ್ಣವೂ ಇಲ್ಲ, ಗೆಜ್ಜೆಯೂ ಇಲ್ಲ. ಬಿಳಿ ಪಂಚೆ ಉಟ್ಟು ಕುಳಿತುಕೊಂಡೇ ಮಾತಾಡಬೇಕು. ನಮ್ಮ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯ ಅರ್ಥ ಹೇಳುವಾಗ, ರಾವಣನ ಅರ್ಥ ಹೇಳುವಾಗ, ದನಿ ಏರಿಸದೆಯೂ ಸಭೆಯನ್ನು ಕಲಕುತ್ತಿದ್ದರು. ಮಂಜೇಶ್ವರದ ಗೋವಿಂದ ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಆ ರಂಗಭೂಮಿಯಲ್ಲಿ ಮುಖವಾಡವನ್ನು ತುಸು ಬಾಗಿಸಿದರೆ ಸಾಕು, ದುಃಖ. ಕೈಯನ್ನು ಕಣ್ಣಿನ ಮುಂದೆ ತಂದರೆ ಅಳು ಆಯಿತು. ನೋ ನಾಟಕ ನೋಡಿ ಬೆಳೆದವನಿಗೆ ನಮ್ಮ ಅತ್ತೆ ಅತಿ ಅನ್ನಿಸಬಹುದು. ಆಟ ನೋಡಿ ಬೆಳೆದ ಅತ್ತೆಗೆ ಆ ವೈದ್ಯರ ಮುಖವೇ ಕಲ್ಲಿನಂತೆ ಕಂಡಿತ್ತು. ಒಬ್ಬರ ರಂಗಸ್ಥಳದ ಅಳತೆಕೋಲಿನಿಂದ ಇನ್ನೊಬ್ಬರ ನೋವನ್ನು ಅಳೆಯುವುದು ನಿನ್ನ ಹೆಸರಿನಲ್ಲಿ ನಡೆಯುತ್ತಿರುವ ತಪ್ಪು.

ನಿನ್ನನ್ನು ಮಾತ್ರ ದೂರಿದರೆ ನ್ಯಾಯವಾಗುವುದಿಲ್ಲ. ನಮ್ಮ ಮನೆಯ ಮಾತುಗಳೂ ಹೀಗೆಯೇ ಕೆಟ್ಟಿವೆ. ಚೌಕಿಯಲ್ಲಿ ‘ವೇಷಧಾರಿ’ ಎಂದರೆ ಗೌರವ. ಬೀದಿಗೆ ಬಂದರೆ ಅದು ಬೈಗುಳ. ಹಗಲುವೇಷ ಒಂದು ಸಮುದಾಯ ತಲೆಮಾರುಗಳಿಂದ ಹೊತ್ತು ತಂದ ಕಲೆ. ಮಾತಿನಲ್ಲಿ ಅದು ಮೋಸ. ಬಣ್ಣ ಹಚ್ಚುವುದು ಎಂದರೆ ಸುಳ್ಳು ಸೇರಿಸುವುದು. ಸಪ್ತಭಾಷೆಗಳ ನಾಡು ಎಂದು ನಮ್ಮ ಜಿಲ್ಲೆಗೆ ಹೆಸರು. ಕನ್ನಡದಲ್ಲಿ ‘ನಾಟಕ ಮಾಡಬೇಡ’, ತುಳುವಿನಲ್ಲಿ ‘ನಾಟಕ ಮಲ್ಪೊಡ್ಚಿ’, ಮಲಯಾಳದಲ್ಲಿ ‘ನಾಡಗಂ ಕಳಿಕ್ಕಲ್ಲೇ’. ಭಾಷೆಗೆ ಭಾಷೆ ಒಪ್ಪದ ನಾಡಿನಲ್ಲಿ ಇದೊಂದು ವಿಷಯದಲ್ಲಿ ಎಲ್ಲರೂ ಒಂದೇ. ಈಗಿನ ಮಕ್ಕಳು ‘ಓವರ್ ಆಕ್ಟಿಂಗ್’ ಎನ್ನುತ್ತಾರೆ. ಅಳುವ ಅಕ್ಕನಿಗೆ ‘ಡ್ರಾಮಾ ಕ್ವೀನ್’ ಎನ್ನುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಊರಿನಲ್ಲಿ, ಸ್ವಾಮೀಜಿಯೇ ಭಾಗವತಿಕೆಗೆ ಕುಳಿತು ಪದ ಹೇಳುತ್ತಿದ್ದ ಎಡನೀರಿನ ನೆರೆಯಲ್ಲಿ ಈ ಮಾತುಗಳನ್ನು ಕೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಡನೀರಿನ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ದೇಶ ಬಲ್ಲದು. 1973ರಲ್ಲಿ ಹದಿಮೂರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟ ಮೊಕದ್ದಮೆ ಅವರ ಹೆಸರಿನದು. ಅವರ ಕಂಠವನ್ನು ಬಲ್ಲವರು ನಾವು.

ಪತ್ರಿಕೆಗಳ ಒಂದು ಪದವನ್ನೂ ಇಲ್ಲಿ ಹೇಳಬೇಕು: ‘ಹೈಡ್ರಾಮಾ’. ಶಾಸಕರು ಪಕ್ಷ ಬದಲಿಸಿದರೂ ಹೈಡ್ರಾಮಾ, ಮನೆ ಕಳೆದುಕೊಂಡವರು ಕಚೇರಿಯೆದುರು ಮಲಗಿದರೂ ಹೈಡ್ರಾಮಾ. ಎರಡನ್ನೂ ಒಂದೇ ಅಕ್ಷರದಲ್ಲಿ ಅಚ್ಚು ಹಾಕಿದರೆ ಓದುವವನು ಎರಡನ್ನೂ ಒಂದೇ ರೀತಿ ನೋಡಿ ಪುಟ ತಿರುವುತ್ತಾನೆ.

ಅದರ ಬೆಲೆ ಎಷ್ಟೆಂದು ನಮ್ಮ ಜಿಲ್ಲೆಯ ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣೀನಗರದವರಿಗೆ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ವಾಣೀನಗರದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಚಿಕಿತ್ಸಾಲಯಕ್ಕೆ ಬರುವ ಕಾಯಿಲೆಗಳು ಒಂದೇ ಪ್ರದೇಶದಲ್ಲಿ ಇಷ್ಟೊಂದು ಹೇಗೆ ಎಂದು ಕೇಳಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಇದೆಲ್ಲ ಉತ್ಪ್ರೇಕ್ಷೆ ಎಂದವರು ಇದ್ದರು. ಉತ್ಪ್ರೇಕ್ಷೆ ಎಂಬುದು ನಿನ್ನದೇ ಇನ್ನೊಂದು ಹೆಸರು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿ ತಡೆದದ್ದು 2011ರ ಮೇ ತಿಂಗಳಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದದ್ದು 2017ರ ಜನವರಿಯಲ್ಲಿ. ಆಮೇಲೆಯೂ, 2019ರಲ್ಲಿ, ತಾಯಂದಿರು ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತಿರುವನಂತಪುರಕ್ಕೆ ಹೋಗಿ, ತಲೆ ಎತ್ತಲಾಗದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಸೆಕ್ರೆಟರಿಯೇಟಿನ ಎದುರು ಕುಳಿತರು. ಹೆತ್ತ ಮಗುವಿನ ಮೈಯನ್ನು ಬೀದಿಯಲ್ಲಿ ತೋರಿಸಲು ಯಾವ ತಾಯಿಗೆ ಇಷ್ಟ? ಕೋಣೆಯೊಳಗೆ ಹೇಳಿದಾಗ ಕೇಳಿದ್ದರೆ ಅವರು ರಂಗಸ್ಥಳಕ್ಕೆ ಬರುತ್ತಿರಲಿಲ್ಲ.

ಇಷ್ಟು ಬರೆಯುವಾಗ ‘ಪಂಚವಟಿ’ ನೆನಪಾಗುತ್ತಿದೆ. ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ ಒಂದು. ಆಟದಲ್ಲಿ ಶೂರ್ಪನಖಿಗೆ ಇಬ್ಬರು ವೇಷಧಾರಿಗಳು. ರಾಮನನ್ನು ಒಲಿಸಲು ಬರುವ ಮಾಯಾ ಶೂರ್ಪನಖಿ ಸ್ತ್ರೀವೇಷದವನ ಪಾಲು. ಅವಳ ನಡಿಗೆ, ಬಳುಕು, ನಗು ಎಲ್ಲ ತೋರಿಕೆಯೇ. ನಿಜರೂಪದ ಶೂರ್ಪನಖಿ ಹೆಣ್ಣುಬಣ್ಣದವನದು. ಮೂಗು ಕೊಯ್ಸಿಕೊಂಡು ಚೀರುತ್ತ ಅಣ್ಣಂದಿರ ಹತ್ತಿರ ಓಡುತ್ತಾಳೆ. ರಾವಣನ ಆಸ್ಥಾನದಲ್ಲಿ ಅವಳು ಕಾರಣವನ್ನು ತಿರುಚಿ ಹೇಳುತ್ತಾಳೆ, ಸೀತೆಯನ್ನು ನಿನಗಾಗಿ ತರಲು ಹೋದೆ ಎನ್ನುತ್ತಾಳೆ. ಅದು ಸುಳ್ಳು. ಆದರೆ ಮುಖದ ಮೇಲೆ ಹರಿಯುವ ರಕ್ತ ಸುಳ್ಳಲ್ಲ. ಚೀರುವವಳು ರಾಕ್ಷಸಿಯೇ ಆಗಿರಲಿ, ಹೇಳುವುದರಲ್ಲಿ ಅರ್ಧ ಕಟ್ಟುಕಥೆಯೇ ಇರಲಿ, ಗಾಯ ಗಾಯವೇ. ಇದನ್ನು ನಮ್ಮ ಪ್ರೇಕ್ಷಕರು ಬಲ್ಲರು. ಹೆಣ್ಣುಬಣ್ಣ ಚೀರಿದಾಗ ಗದ್ದೆಯಲ್ಲಿ ನಗುವವರು ಇದ್ದರೂ ಮುಂದಿನ ಸಾಲಿನ ಅಜ್ಜಿಯರು ನಗುವುದನ್ನು ನಾನು ಕಂಡಿಲ್ಲ.

ನಿನ್ನನ್ನು ಭಾಷೆಯಿಂದ ಹೊರಹಾಕಿ ಎಂದು ಯಾರನ್ನೂ ಕೇಳಲಾರೆ. ಆದರೆ ಬರೆಯುವವರಲ್ಲಿ ಬೇಡಿಕೊಳ್ಳುತ್ತೇನೆ: ರೋಗಿಯ ಚೀಟಿಯಲ್ಲಿ ಕಂಡದ್ದನ್ನು ಬರೆಯಿರಿ. ಜೋರಾಗಿ ಅಳುತ್ತಿದ್ದಾರೆ, ಹೊಟ್ಟೆಯ ಬಲಗಡೆ ಮುಟ್ಟಲು ಬಿಡುತ್ತಿಲ್ಲ, ಬೆವರಿದ್ದಾರೆ. ಅಷ್ಟು ಬರೆದರೆ ಮುಂದಿನ ವೈದ್ಯರಿಗೆ ದಾರಿ ಕಾಣುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳೇ, ನೋಟುಪುಸ್ತಕ ಇನ್ನೂ ಇದ್ದರೆ ‘ತೋರಿಕೆಯ’ ಎಂಬುದನ್ನು ಹೊಡೆದುಹಾಕಿ ‘ಅಭಿನಯಕ್ಕೆ ಸಂಬಂಧಿಸಿದ’ ಎಂದು ಬರೆದುಕೊಳ್ಳಿ. ಅಭಿನಯ ಎಂದರೆ ಎದುರಿಗಿರುವವನ ಕಡೆಗೆ ಒಯ್ಯುವುದು. ಅತ್ತೆ ಆ ರಾತ್ರಿ ತಮ್ಮ ನೋವನ್ನು ಒಬ್ಬರ ಕಡೆಗೆ ಒಯ್ಯಲು ನೋಡಿದ್ದರು.

ಈ ಸಲ, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಮೊದಲು, ಹತ್ತಿರದ ಮನೆಯೊಂದರಲ್ಲಿ ಹರಕೆಯಾಟ ಇತ್ತು. ಅತ್ತೆಗೆ ಬೆನ್ನಿಗೆ ಆಧಾರವಿರುವ ಕುರ್ಚಿ ಹಾಕಿಸಿದ್ದೆವು. ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಬೆಳಗಿನ ಜಾವ, ಮಹಿಷಾಸುರ ಹೋಗಿ ಗದ್ದೆ ಸ್ವಲ್ಪ ತಣ್ಣಗಾದಾಗ, ಇದ್ದಕ್ಕಿದ್ದಂತೆ ನನ್ನ ಕಡೆ ಬಾಗಿ, “ಆ ಸುರುವಾಣ ಡಾಕ್ಟ್ರು ಚೀಟಿಲಿ ಎಂತರ ಬರದ್ದವು?” ಎಂದು ಕೇಳಿದರು. ಇಷ್ಟು ದಿನ ಕೇಳಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ವೇಷಧಾರಿ ಎಂದು ಬರೆದಿದ್ದರು ಅತ್ತೆ, ಎಂದೆ.

ಅತ್ತೆ ರಂಗಸ್ಥಳದ ಕಡೆ ನೋಡುತ್ತಲೇ ಸ್ವಲ್ಪ ಹೊತ್ತು ಯೋಚಿಸಿದರು. “ಯೇವ ವೇಷ ಅಡ?” ಎಂದರು.

ಇಂತು,
ಕುಂಬಳೆ ಸೀಮೆಯ ಒಬ್ಬ ಮಾಸ್ತರ